ಕೈಯಲ್ಲಿಲ್ಲದ ಒಂದು

25, 50, 75, 100, 3, 6. ಈ ಆರು ಸಂಖ್ಯೆಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಿ 952 ಮಾಡಬೇಕು. ಒಂದೊಂದನ್ನು ಒಂದೇ ಸಲ ಬಳಸಬಹುದು, ಎಲ್ಲವನ್ನೂ ಬಳಸಲೇಬೇಕೆಂದಿಲ್ಲ. ಇರುವ ಸಮಯ 30 ಸೆಕೆಂಡು.

1997ರಲ್ಲಿ ಬ್ರಿಟನ್ನಿನ 'ಕೌಂಟ್‌ಡೌನ್' ಎಂಬ ಟಿವಿ ಆಟದಲ್ಲಿ ಒಬ್ಬ ಸ್ಪರ್ಧಿ ಇದನ್ನು ಬಿಡಿಸಿದ ರೀತಿಯನ್ನು ಇವತ್ತಿಗೂ ಜನ ಯೂಟ್ಯೂಬಿನಲ್ಲಿ ಹುಡುಕಿಕೊಂಡು ಹೋಗಿ ನೋಡುತ್ತಾರೆ. 100ಕ್ಕೆ 6 ಸೇರಿಸಿ 106. ಅದನ್ನು 3ರಿಂದ ಗುಣಿಸಿ 318. ಅದನ್ನು 75ರಿಂದ ಗುಣಿಸಿ 23,850. ಅದರಲ್ಲಿ 50 ಕಳೆದು 23,800. ಅದನ್ನು 25ರಿಂದ ಭಾಗಿಸಿದರೆ ಸರಿಯಾಗಿ 952. ಹಲಗೆಯ ಮೇಲೆ ಬರೆದುಕೊಳ್ಳುತ್ತಿದ್ದ ಕರೋಲ್ ವೋರ್ಡರ್‌ಮನ್ ಅವರಿಗೂ, ಸ್ಟುಡಿಯೋದಲ್ಲಿ ಕೂತವರಿಗೂ ನಗು ತಡೆಯಲಾಗಲಿಲ್ಲ. ಇಪ್ಪತ್ಮೂರು ಸಾವಿರ ದಾಟಿ ಹೋಗಿ ವಾಪಸ್ ಬಂದು ಒಂಬೈನೂರರ ಮನೆ ಬಾಗಿಲು ತಟ್ಟುವವನನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ಸೋಮವಾರಪೇಟೆ ಮನೆಯಲ್ಲಿ ಈ ತುಣುಕನ್ನು ಮೊಬೈಲಿನಲ್ಲಿ ತೋರಿಸಿದ್ದು ಅಕ್ಕನ ಮಗಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ, ರಜೆಗೆ ಬಂದಿದ್ದಳು. ಭಾವ ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮೂರು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, "ಇವನು ಇಪ್ಪತ್ಮೂರು ಸಾವಿರಕ್ಕೆ ಹೋಗೇ ಇಲ್ಲ" ಅಂದರು.

"ಹೋದ್ನಲ್ಲಪ್ಪಾ, ಬಾಯಿಬಿಟ್ಟು ಹೇಳಿದ್ದಾನೆ."

"ಹೇಳೋದು ಹಾಗೆ ಹೇಳಿದ್ದಾನೆ. 75ರಿಂದ ಗುಣಿಸಿ 25ರಿಂದ ಭಾಗಿಸಿದ್ರೆ ಏನಾಯ್ತು? ಮೂರರಿಂದ ಗುಣಿಸಿದ ಹಾಗೆ. 318 ಮೂರ್ಲ 954. ಇನ್ನು 50ನ್ನು 25ರಿಂದ ಭಾಗಿಸಿದ್ರೆ ಎರಡು. 954ರಲ್ಲಿ ಎರಡು ಹೋದ್ರೆ 952. ಅವನಿಗೆ ಬೇಕಾಗಿದ್ದು ಒಂದು ಎರಡು. ಎರಡು ಕೈಯಲ್ಲಿರಲಿಲ್ಲ, 50ರಲ್ಲೂ 25ರಲ್ಲೂ ಅಡಗಿತ್ತು."

ಅವರು ಹೇಳಿದ್ದು ಸರಿ. ನೀವೂ ಕಾಗದದ ಮೇಲೆ ಮಾಡಿ ನೋಡಿ. ದೊಡ್ಡ ಲೆಕ್ಕದ ಬೆರಗು ಕರಗಿ ಅದರೊಳಗಿನ ಸಣ್ಣ ಲೆಕ್ಕ ಕಾಣುತ್ತದೆ. ನನಗೆ ಸಣ್ಣದೇ ಹೆಚ್ಚು ಚೆಂದ ಕಂಡಿತು. ಆದರೆ ಈ ಬರಹ ಆ ತುಣುಕಿನ ಬಗ್ಗೆ ಅಲ್ಲ. ಅದನ್ನು ನೋಡಿದ ಮೇಲೆ ನಮ್ಮ ಮನೆಯಲ್ಲಿ ಅಪ್ಪ ಮಗಳ ನಡುವೆ ನಡೆದ ಒಂದು ಪಂದ್ಯದ ಬಗ್ಗೆ. ಅದನ್ನು ಯಾರು ಗೆದ್ದರು ಎಂಬುದರಲ್ಲಿ ಜಗಳವಿಲ್ಲ. ಎಲ್ಲಿ ಗೆದ್ದರು ಎಂಬುದರಲ್ಲಿ ಇನ್ನೂ ಇದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳಿಬಿಡುತ್ತೇನೆ. ಇದರ ಬೇರು ಫ್ರಾನ್ಸಿನಲ್ಲಿ. ಅಲ್ಲಿ 1965ರಲ್ಲಿ ಪದಗಳ ಆಟವಾಗಿ ಶುರುವಾಗಿ, ಆಮೇಲೆ ಅಂಕಿಗಳೂ ಸೇರಿಕೊಂಡವು. ಬ್ರಿಟನ್ನಿನಲ್ಲಿ 1982ರ ನವೆಂಬರ್ 2ರಂದು ಚಾನೆಲ್ 4 ಎಂಬ ಹೊಸ ವಾಹಿನಿ ಆರಂಭವಾದಾಗ ಮೊಟ್ಟಮೊದಲು ಪ್ರಸಾರವಾದ ಕಾರ್ಯಕ್ರಮವೇ ಇದು. ರಿಚರ್ಡ್ ವೈಟ್ಲಿ ಎಂಬವರು 2005ರಲ್ಲಿ ತೀರಿಕೊಳ್ಳುವವರೆಗೂ ನಡೆಸಿಕೊಟ್ಟರು. ನಿಘಂಟಿನ ಮೂಲೆ ಅಂತ ಒಂದು ಮೇಜು ಇರುತ್ತದೆ. ಅಲ್ಲಿ 1992ರಿಂದ ಸೂಸಿ ಡೆಂಟ್ ಕೂರುತ್ತಾರೆ. ಸ್ಪರ್ಧಿ ಹೇಳಿದ ಪದ ಉಂಟೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ. ಗೆದ್ದವರಿಗೆ ಕೋಟಿಯೂ ಇಲ್ಲ, ಕಾರೂ ಇಲ್ಲ, ಒಂದು ಟೀ ಪಾಟು. ನಾವು ಚಂದನ ವಾಹಿನಿಯ 'ಥಟ್ ಅಂತ ಹೇಳಿ' ನೋಡಿ ಬೆಳೆದವರು, ಅಲ್ಲಿ ಸರಿಯುತ್ತರಕ್ಕೆ ಪುಸ್ತಕ. ಹಾಗಾಗಿ ಈ ಟೀ ಪಾಟಿನ ಮರ್ಯಾದೆ ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ನಾ. ಸೋಮೇಶ್ವರ ಅವರ ಎದುರು ಕೂತವನಿಗೂ ಇಲ್ಲಿ ಕೂತವನಿಗೂ ಒಂದು ವ್ಯತ್ಯಾಸ ಉಂಟು. ಅಲ್ಲಿ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಒಂಬತ್ತು ಅಕ್ಷರ ಕೊಡುತ್ತಾರೆ, ಇಬ್ಬರಿಗೂ ಅದೇ ಒಂಬತ್ತು. ಅದರಲ್ಲಿ ಆದಷ್ಟು ಉದ್ದದ ಪದ ಕಟ್ಟಬೇಕು. ಪದದಲ್ಲಿ ಎಷ್ಟು ಅಕ್ಷರವೋ ಅಷ್ಟು ಅಂಕ. ಒಂಬತ್ತನ್ನೂ ಬಳಸಿದರೆ ಮಾತ್ರ 18. ಉದ್ದದ ಪದ ಹೇಳಿದವರಿಗಷ್ಟೇ ಅಂಕ, ಇಬ್ಬರದೂ ಸಮವಾದರೆ ಇಬ್ಬರಿಗೂ. ಅಂಕಿಗಳ ಸುತ್ತಿನಲ್ಲಿ ಮೂರಂಕಿಯ ಗುರಿ ಕೊಡುತ್ತಾರೆ. ಸರಿಯಾಗಿ ಮುಟ್ಟಿದರೆ 10, ಐದರೊಳಗಿನ ಅಂತರಕ್ಕೆ 7, ಹತ್ತರೊಳಗಿದ್ದರೆ 5. ಅಲ್ಲಿಯೂ ಹತ್ತಿರ ಹೋದವರಿಗೆ ಮಾತ್ರ. ಒಟ್ಟು 15 ಸುತ್ತು. 2013ರಿಂದ 10 ಪದದ ಸುತ್ತು, 4 ಅಂಕಿಯವು, ಕಡೆಯಲ್ಲಿ ಒಂದು ಒಗಟು. ಒಂಬತ್ತು ಅಕ್ಷರದ ಒಂದು ಪದವನ್ನು ಕಲಸಿ ಕೊಡುತ್ತಾರೆ, ಮೊದಲು ಗುಂಡಿ ಒತ್ತಿ ಸರಿಯಾಗಿ ಹೇಳಿದವನಿಗೆ 10. ತಪ್ಪು ಹೇಳಿದರೆ ಉಳಿದ ಸಮಯವೆಲ್ಲ ಎದುರಾಳಿಯದು. ಅಲ್ಲೂ ಸಮವಾದರೆ ಇನ್ನೊಂದು ಒಗಟು, ಮತ್ತೊಂದು, ಇತ್ಯರ್ಥವಾಗುವ ತನಕ.

ಈ ಹತ್ತು ಅಂಕದಲ್ಲೇ ಟಿವಿಯ ಹೊಟ್ಟೆಪಾಡು ಇರುವುದು. ಕೊನೆಯ ಒಗಟಿಗೆ ಬರುವಾಗ ಇಬ್ಬರ ಅಂತರ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿರೂಪಕನ ದನಿ ಬದಲಾಗುತ್ತದೆ, ದೀಪ ಮಂದವಾಗುತ್ತದೆ. 11 ಇದ್ದರೆ ಅದೇ ಒಗಟು ಬರೀ ಶಾಸ್ತ್ರ.

ಕೊನೆಯ ಕ್ಷಣದ ಮೇಲೆ ನಮಗಿರುವ ಮೋಹ ದೊಡ್ಡದು. 952 ಬಿಡಿಸಿದ ಅದೇ 1997ರಲ್ಲಿ ನಮ್ಮ ವಿರಾಜಪೇಟೆ ಹತ್ತಿರದ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾಯಿತು. ಪ್ರತಿ ಬೇಸಿಗೆಯಲ್ಲಿ ಮೈದಾನದ ಸುತ್ತ ನಿಂತು ನೋಡಿದವರಿಗೆ ಗೊತ್ತು. ಕಡೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್ ಹೊಡೆದು ಗೋಲು ಮಾಡಿದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕಾಲು ಚಾಚಿ ಒಂದು ಚೆಂಡು ತಡೆದ ಗೋಲಿಯ ಕೈ ಕುಲುಕಲು ಅವನ ಮಾವನ ಮಗ ಬಿಟ್ಟರೆ ಯಾರೂ ಬರುವುದಿಲ್ಲ. ಆ ಚೆಂಡು ಒಳಗೆ ಹೋಗಿದ್ದರೆ ಕಡೇ ನಿಮಿಷ ಅಂತ ಒಂದು ಇರುತ್ತಲೇ ಇರಲಿಲ್ಲ. ಪದ ಮತ್ತು ಅಂಕಿಗಳ ಆಟದಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಇಲ್ಲಿ ಎಲ್ಲವೂ ಕಾಗದದ ಮೇಲೆ ಉಳಿಯುತ್ತದೆ. ಹಿಂದಕ್ಕೆ ಹೋಗಿ ಕೂಡಿ ನೋಡಬಹುದು.

ಇನ್ನು ಕನ್ನಡದಲ್ಲಿ ಆಡುವುದು. ಅಂಕಿಗಳಿಗೆ ಭಾಷೆಯ ತಕರಾರಿಲ್ಲ. ಅಕ್ಷರಗಳದ್ದೇ ರಗಳೆ. ಇಂಗ್ಲಿಷಿನಲ್ಲಿ 26 ಅಕ್ಷರ, ಬಿಲ್ಲೆ ಮಾಡಿ ಚೀಲಕ್ಕೆ ಹಾಕಿದರೆ ಮುಗಿಯಿತು. ನಮ್ಮ ವರ್ಣಮಾಲೆ 49 ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದರೂ ಬರೆಯುವಾಗ ಕೈಗೆ ಬರುವುದು ಗುಣಿತ, ಅದರ ಕೆಳಗೆ ಒತ್ತು. 'ಕ'ಗೆ ಒಂದು ಬಿಲ್ಲೆ, 'ಕಿ'ಗೆ ಒಂದು, 'ಕ್ಷಿ'ಗೆ ಇನ್ನೊಂದು ಅಂತ ಹೊರಟರೆ ಚೀಲ ಸಾಲದು, ಕಾಫಿ ಮೂಟೆಯೇ ಬೇಕು. ಮೊದಲ ದಿನ ನಾವು ಗುಣಿತಾಕ್ಷರಗಳನ್ನೇ ಚೀಟಿ ಮಾಡಿ ಒಂಬತ್ತು ಎತ್ತಿದೆವು. ಮೂರಕ್ಷರದ ಪದ ಕಟ್ಟಲಿಕ್ಕೂ ಪರದಾಡಬೇಕಾಯಿತು. 'ಘೋ' ಬಂದವನು ಅದನ್ನಿಟ್ಟುಕೊಂಡು ಏನು ಮಾಡಬೇಕು?

ದಾರಿ ತೋರಿಸಿದ್ದು ಅಕ್ಕ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಚೀಟಿಯಲ್ಲಿ ವ್ಯಂಜನ ಮಾತ್ರ ಇರಲಿ, ಸ್ವರ ಬಿಟ್ಟಿ ಎಂದಳು. ಅಂದರೆ 'ಮ' ಸಿಕ್ಕವರು ಮಾ, ಮಿ, ಮೆ ಏನು ಬೇಕಾದರೂ ಮಾಡಿಕೊಳ್ಳಬಹುದು. ಅನುಸ್ವಾರವೂ ಬಿಟ್ಟಿ. ಪದದ ಮೊದಲಿಗೆ ಬರುವ ಸ್ವರವೂ ಬಿಟ್ಟಿ, ಆದರೆ ಅದಕ್ಕೆ ಅಂಕವಿಲ್ಲ. ಒತ್ತಕ್ಷರಕ್ಕೆ ಮಾತ್ರ ಚೀಟಿ ಖರ್ಚಾಗಬೇಕು. 'ಅಕ್ಕ' ಎಂದರೆ ಎರಡು 'ಕ' ಕೈಯಲ್ಲಿರಬೇಕು. ರ, ಲ, ಗ, ನ, ದ ಚೀಟಿಗಳು ಹೆಚ್ಚು, ಮಹಾಪ್ರಾಣಗಳು ಒಂದೊಂದೇ, ಙ ಮತ್ತು ಞ ಮನೆಗೆ ಕಳಿಸಿದೆವು. ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ ಚೀಟಿ ಮಾಡಿದ್ದಾಯಿತು.

ಆದರೂ ಒಂದು ತೂತು ಉಳಿದಿತ್ತು. ಬ್ರಿಟನ್ನಿನವರ ಆಟದಲ್ಲಿ ಬಹುವಚನಕ್ಕೆ ಅಡ್ಡಿಯಿಲ್ಲ, ಪದದ ಕೊನೆಗೆ ಒಂದು ಅಕ್ಷರ ಹೆಚ್ಚುತ್ತದೆ ಅಷ್ಟೆ. ನಮ್ಮಲ್ಲಿ ಹಾಗೆ ಬಿಟ್ಟರೆ ಗ ಮತ್ತು ಳ ಸಿಕ್ಕವರೆಲ್ಲ ಯಾವ ಪದಕ್ಕಾದರೂ 'ಗಳು' ಹಚ್ಚಿ ಕೂರುತ್ತಾರೆ. ವಿಭಕ್ತಿಗೆ ಬಾಗಿಲು ತೆರೆದರಂತೂ 'ಮನೆ'ಯಿಂದ 'ಮನೆಗಳಲ್ಲಿನ'ವರೆಗೆ ಬಸ್ಸು ನಿಲ್ಲುವುದೇ ಇಲ್ಲ. ಆದ್ದರಿಂದ ಅಕ್ಕನ ಕಟ್ಟಪ್ಪಣೆ ಹೀಗಿತ್ತು: ನಿಘಂಟಿನಲ್ಲಿ ಪದ ಹೇಗೆ ನಿಂತಿದೆಯೋ ಹಾಗೆ. ಗಳು ಇಲ್ಲ, ಅನ್ನು ಇಂದ ಗೆ ಇಲ್ಲ. ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಅವಳ ತೊಡೆಯ ಮೇಲೆ. ಜಿ. ವೆಂಕಟಸುಬ್ಬಯ್ಯನವರ ಅಂಕಣವನ್ನು ಪೇಪರಿನಿಂದ ಕತ್ತರಿಸಿ ಫೈಲು ಮಾಡಿಟ್ಟವಳು ಅವಳು. ಆ ಕುರ್ಚಿಯಲ್ಲಿ ಕೂರಲು ಮನೆಯಲ್ಲಿ ಬೇರೆ ಯಾರಿಗೆ ಧೈರ್ಯ?

ಪಂದ್ಯ ನಡೆದದ್ದು ಜುಲೈಯಲ್ಲಿ. ಪುಷ್ಪಗಿರಿಯ ಕಡೆಯಿಂದ ಮಳೆ ಹಿಡಿದಿತ್ತು. ಶಾಂತಳ್ಳಿಯ ಕಡೆ ಮರ ಬಿದ್ದು ಕರೆಂಟಿಲ್ಲ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಇನ್ವರ್ಟರಿನಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಒಲೆಯ ಕೆಂಡದಲ್ಲಿ ಹಲಸಿನ ಬೀಜ ಹುಗಿದಿಟ್ಟಿದ್ದೆವು. ನಾಲ್ಕು ಪದದ ಸುತ್ತು, ಎರಡು ಅಂಕಿಯದು, ಒಂದು ಒಗಟು ಎಂದು ಮಾತಾಯಿತು. ಸಮಯ ಒಂದು ನಿಮಿಷ, ಏಕೆಂದರೆ ಭಾವನಿಗೆ ಕನ್ನಡಕ ಸರಿ ಮಾಡಿಕೊಳ್ಳಲಿಕ್ಕೇ ಹತ್ತು ಸೆಕೆಂಡು ಬೇಕು. ಅಂಕ ಬರೆಯುವವನು ನಾನು.

ಮೊದಲ ಸುತ್ತಿನಲ್ಲಿ ಇಬ್ಬರದೂ ಐದಕ್ಷರ. 5–5.

ಎರಡನೆಯದಕ್ಕೆ ಬಂದ ಚೀಟಿಗಳು: ಹ, ಗ, ಲ, ಕ, ನ, ಸ, ರ, ಮ, ದ. ಒಳ್ಳೆಯ ಚೀಟಿಗಳು. ಭಾವ 'ಸಲಹೆಗಾರ' ಕಟ್ಟಿದರು, ಐದು. ಹುಡುಗಿಯ ಮುಖ ನೋಡಿದರೆ ಅವಳಿಗೆ ಇನ್ನೂ ದೊಡ್ಡದು ಸಿಕ್ಕಿದೆ ಎಂದು ತಿಳಿಯುತ್ತಿತ್ತು.

"ಆರು. ಹಗಲುಕನಸು."

ಹ, ಗ, ಲ, ಕ, ನ, ಸ. ಎಲ್ಲ ಚೀಟಿಯೂ ಇದೆ. ನಾನು 6 ಬರೆಯಲು ಪೆನ್ನು ಎತ್ತಿದ್ದೆ. ಅಕ್ಕ ನಿಘಂಟು ತೆರೆಯಲೇ ಇಲ್ಲ.

"ಹೊರಗೆ ಏನು ಸುರೀತಾ ಇದೆ ನೋಡು. ಇದು ಮಳೆಗಾಲವೋ ಮಳೆಕಾಲವೋ?"

"ಮಳೆಗಾಲ."

"ಅಲ್ಲಿ ಕ ಹೋಗಿ ಗ ಆಯ್ತಲ್ಲ. ಹಾಗೇ ಇದು ಹಗಲುಗನಸು. ಆದೇಶ ಸಂಧಿ. ಎರಡು ಗ ಬೇಕು, ನಿನ್ನ ಹತ್ರ ಒಂದೇ ಇರೋದು."

"ಅಮ್ಮಾ, ಎಲ್ಲರೂ ಹಗಲುಕನಸು ಅಂತಾನೂ ಬರೀತಾರೆ!"

"ಎಲ್ಲರೂ ಬರೀಲಿ. ನನ್ನ ಮಗಳು ಬರೆಯೋದು ಬೇಡ."

ಭಾವ ಬೆಂಕಿಯಿಂದ ಒಂದು ಬೀಜ ಕೆದಕಿ ತೆಗೆದು ಸಿಪ್ಪೆ ಬಿಡಿಸತೊಡಗಿದರು. ತೀರ್ಪು ತನ್ನ ಪರವಾಗಿ ಬಂದಾಗ ಮಾತಾಡಬಾರದೆಂದು ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಕೂತವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ 5, ಅವಳಿಗೆ ಸೊನ್ನೆ. 10–5.

ಮೂರನೆಯದು ಅಂಕಿಯ ಸುತ್ತು, ಸುಲಭದ್ದು, ಇಬ್ಬರೂ ಮುಟ್ಟಿದರು. 20–15. ನಾಲ್ಕನೆಯದರಲ್ಲಿ ಭಾವ 'ನೆಲಸಮ' ಎಂದು ನಾಲ್ಕು ಹೇಳಿದರೆ, ಹುಡುಗಿ ಅವೇ ಚೀಟಿಗಳಿಗೆ ಒಂದು ಗ ಸೇರಿಸಿ 'ಮನೆಗೆಲಸ' ಎಂದಳು. ಹೇಳುವಾಗ 'ಗೆ'ಯನ್ನು ಒತ್ತಿ, ಅಮ್ಮನ ಕಡೆಗೇ ನೋಡುತ್ತ. 20–20. ಐದನೆಯದರಲ್ಲಿ ಭಾವ 'ಪಿಂಚಣಿದಾರ' ಎಂದಾಗ ಎಲ್ಲರೂ ನಕ್ಕೆವು. ಐದು ಚೀಟಿ, ಅನುಸ್ವಾರ ಬಿಟ್ಟಿ. ತಿಂಗಳು ತಿಂಗಳು ಬರುವುದು ಆ ಸಂಜೆಯೂ ಬಂತು. 25–20.

ಆರನೆಯ ಸುತ್ತು. ಅಂಕಿ ಆರಿಸುವ ಸರದಿ ಅವಳದು. ಇಲ್ಲಿ ಸ್ವಲ್ಪ ನಿಲ್ಲಬೇಕು.

ದೊಡ್ಡ ಸಂಖ್ಯೆಗಳು ನಾಲ್ಕೇ: 25, 50, 75, 100. ಸಣ್ಣವು 1ರಿಂದ 10ರವರೆಗೆ, ಎರಡೆರಡು ಸಲ. ದೊಡ್ಡದು ಎಷ್ಟು ಬೇಕೆಂದು ಸ್ಪರ್ಧಿಯೇ ಹೇಳಬೇಕು. ಒಂದು ದೊಡ್ಡದು, ಐದು ಸಣ್ಣದು ಕೇಳಿದರೆ ಸಾಮಾನ್ಯವಾಗಿ ಇಬ್ಬರೂ ಗುರಿ ಮುಟ್ಟುತ್ತಾರೆ. ಇಬ್ಬರಿಗೂ 10 ಬಂದರೆ ಅಂತರ ಹಾಗೆಯೇ ಉಳಿಯುತ್ತದೆ. ಮುಂದಿರುವವನಿಗೆ ಅದು ಹಿತ. ಹಿಂದಿರುವವನಿಗೆ ಬೇಕಾದದ್ದು ತಕರಾರಿನ ಲೆಕ್ಕ. ಇಬ್ಬರಲ್ಲಿ ಒಬ್ಬರು ಮುಗ್ಗರಿಸಬೇಕು, ತಾನೇ ಮುಗ್ಗರಿಸಿದರೂ ಕಳೆದುಕೊಳ್ಳುವುದು ಅಷ್ಟೇನಿಲ್ಲ. ಅದಕ್ಕೇ ಟಿವಿಯಲ್ಲಿ ಹಿಂದೆ ಬಿದ್ದವರು ನಾಲ್ಕಕ್ಕೆ ನಾಲ್ಕೂ ದೊಡ್ಡದನ್ನು ಕೇಳುವುದನ್ನು ನೋಡುತ್ತೇವೆ. ಹುಡುಗಿಯೂ ಅದನ್ನೇ ಕೇಳಿದಳು.

25, 50, 75, 100. ಸಣ್ಣವು 8 ಮತ್ತು 3. ಗುರಿ 874.

ಓದುವವರೂ ಇಲ್ಲಿ ಒಂದು ನಿಮಿಷ ತೆಗೆದುಕೊಳ್ಳಬಹುದು.

100 ಎಂಟ್ಲ 800, ಅದಕ್ಕೆ 75 ಸೇರಿಸಿದರೆ 875. ಇಷ್ಟು ನನಗೂ ಕಂಡಿತು, ಭಾವನಿಗೆ ಐದೇ ಸೆಕೆಂಡಿನಲ್ಲಿ ಕಂಡಿತು. ಒಂದು ಹೆಚ್ಚು. ಒಂದು ಕಳೆಯಬೇಕು, ಕೈಯಲ್ಲಿ ಒಂದಿಲ್ಲ. ಉಳಿದಿರುವುದು 25, 50, 3. ಭಾವ ಪೆನ್ನು ಕೆಳಗಿಟ್ಟರು. ಅಂತರ ಒಂದೇ ಆದ್ದರಿಂದ 7 ಅಂಕ ಖಾತ್ರಿ ಎಂಬ ಸಮಾಧಾನ ಮುಖದಲ್ಲಿತ್ತು. ಕಚೇರಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂರುತ್ತಿದ್ದವರು ಎಂದು ಅಕ್ಕ ಆಗಾಗ ಹೇಳುತ್ತಾಳೆ. ನಿವೃತ್ತಿ ಮನುಷ್ಯನನ್ನು ಏನೆಲ್ಲ ಮಾಡುತ್ತದೆ ನೋಡಿ.

ಹುಡುಗಿ ಬರೆಯುತ್ತಲೇ ಇದ್ದಳು. ಸಮಯ ಮುಗಿಯುವ ಹೊತ್ತಿಗೆ ತಲೆಯೆತ್ತಿದಳು.

"ಅಪ್ಪ?"

"875."

"874. ಐವತ್ತನ್ನ ಇಪ್ಪತ್ತೈದರಿಂದ ಭಾಗಿಸಿದ್ರೆ ಎರಡು. ಮೂರರಲ್ಲಿ ಎರಡು ಹೋದ್ರೆ ಒಂದು. 875ರಲ್ಲಿ ಆ ಒಂದನ್ನ ತೆಗೆದೆ."

ಭಾವ ಅವಳ ಕಾಗದ ತೆಗೆದುಕೊಂಡು ಪೂರ್ತಿ ನೋಡಿದರು. ಐವತ್ತರಲ್ಲೂ ಇಪ್ಪತ್ತೈದರಲ್ಲೂ ಅಡಗಿದ ಎರಡನ್ನು ಮೊಬೈಲಿನ ಎದುರು ಕೂತು ತೋರಿಸಿಕೊಟ್ಟವರು ಅವರೇ. "ನನ್ನ ಎರಡನ್ನ ನೀನು ಎತ್ಕೊಂಡು ಹೋದೆ" ಎಂದಷ್ಟೇ ಹೇಳಿದರು. 25–30.

ಎರಡನೇ ಸುತ್ತನ್ನೂ ಈ ಸುತ್ತನ್ನೂ ಪಕ್ಕಪಕ್ಕ ಇಟ್ಟು ಯೋಚಿಸುತ್ತೇನೆ. ಪದದ ಸುತ್ತಿನಲ್ಲಿ ಆಸೆಪಟ್ಟವರಿಗೆ ಪೆಟ್ಟು. ಆರಕ್ಕೆ ಕೈ ಚಾಚಿದರೆ ಐದೂ ಹೋಗಬಹುದು. ಆದ್ದರಿಂದ ಅಲ್ಲಿ ಗೊತ್ತಿರುವ ಐದಕ್ಷರವನ್ನೇ ಹಿಡಿದು ಕೂರುವುದರಲ್ಲಿ ಅರ್ಥ ಉಂಟು. ಅಂಕಿಯ ಸುತ್ತಿನಲ್ಲಿ ತದ್ವಿರುದ್ಧ. ಅಲ್ಲಿ 875 ಒಮ್ಮೆ ಕಾಗದದ ಮೇಲೆ ಬಂದ ಮೇಲೆ ಅದು ಎಲ್ಲಿಗೂ ಓಡಿ ಹೋಗುವುದಿಲ್ಲ. ಉಳಿದ ಸಮಯದಲ್ಲಿ ಮುಂದೆ ಹುಡುಕಿದರೆ ನಷ್ಟವೇ ಇಲ್ಲ. ಸಾಕೆಂದು ನಿಂತವನಿಗೇ ಪೆಟ್ಟು, ಏಕೆಂದರೆ ಎದುರಾಳಿ ಒಂದು ಹೆಜ್ಜೆ ಮುಂದೆ ಹೋದರೆ ನಿನ್ನ 7 ಸೊನ್ನೆಯಾಗುತ್ತದೆ. ಒಂದೇ ಆಟ, ಎರಡು ಬೇರೆ ಬೇರೆ ಸ್ವಭಾವ ಬೇಡುತ್ತದೆ. ಎರಡೂ ಒಬ್ಬರಲ್ಲೇ ಇರುವವರು ಕಡಿಮೆ. ಟಿವಿಯಲ್ಲಿ ಸತತ ಎಂಟು ಪಂದ್ಯ ಗೆದ್ದವರನ್ನು ಸನ್ಮಾನವಾಗಿ ಕಳಿಸಿ ಫೈನಲ್ಸಿಗೆ ಮತ್ತೆ ಕರೆಯುತ್ತಾರಲ್ಲ, ಅವರನ್ನು ಗಮನಿಸಿದರೆ ತಿಳಿಯುತ್ತದೆ. ಪದ ಹೇಳುವಾಗ ಸಂಶಯದ ಪ್ರಾಣಿಗಳು, ಲೆಕ್ಕಕ್ಕೆ ಕೂತರೆ ಕೊನೆಯ ಸೆಕೆಂಡಿನವರೆಗೂ ತೃಪ್ತಿಯಿಲ್ಲ.

ಒಗಟು ಮಾಡುವ ಜವಾಬ್ದಾರಿ ನನ್ನದಾಗಿತ್ತು. ಹುಡುಗಿ ಐದು ಅಂಕ ಮುಂದೆ. ಒಗಟು ಬಿಡಿಸಿದವರಿಗೆ ಹತ್ತು, ಇಬ್ಬರಿಗೂ ಆಗದಿದ್ದರೆ ಅವಳೇ ಗೆದ್ದ ಹಾಗೆ. ಒಗಟಿಗೆ ಮಾತ್ರ ಗುಣಿತದ ಸಮೇತ ಅಕ್ಷರ ಕೊಡುವುದು ನಮ್ಮ ರೂಢಿ. ಕಲಸಿ ಬರೆದ ಚೀಟಿ ತಿರುಗಿಸಿದೆ:

ದಿಂ ಳ ಬೆ ಳು ಗ

ಐದೇ ಅಕ್ಷರ. ಮನೆಯ ಗಂಟೆ ಎಂದು ಇಟ್ಟದ್ದು ಒಂದು ಸ್ಟೀಲ್ ಲೋಟ ಮತ್ತು ಚಮಚ. ಹುಡುಗಿಯ ತುಟಿ ಆಡುತ್ತಿತ್ತು: ಬೆಳಗು, ಬೆಳಗುದಿಂ... ಗ ಮತ್ತು ಳು ಪಕ್ಕಪಕ್ಕ ಬಂದರೆ ಅದು 'ಗಳು', 'ಗಳು' ನಿಷಿದ್ಧ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಜೋಡಿಯನ್ನು ಅವಳು ಮುಟ್ಟಲೇ ಇಲ್ಲ ಎಂದು ಆಮೇಲೆ ಹೇಳಿದಳು. ಭಾವನಿಗೆ ಆ ನಿಯಮ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಲೋಟ ಬಾರಿಸಿದರು.

"ಬೆಳದಿಂಗಳು."

35–30. ಭಾವ ಗೆದ್ದರು. ಪಕ್ಕದ ಮನೆಯವರು ಮಾರನೆಯ ದಿನ ಹಾಲಿಗೆ ಬಂದಾಗಲೂ, ಸಂತೆಯಲ್ಲಿ ಸಿಕ್ಕವರಿಗೂ ಅಕ್ಕ ಹೇಳಿದ್ದು ಒಂದೇ ಮಾತು: "ನಮ್ಮವರು ಕಡೇ ಗಳಿಗೇಲಿ ಬೆಳದಿಂಗಳು ಅಂತ ಹೇಳಿ ಗೆದ್ದುಬಿಟ್ರು." ಕೇಳಿದವರಿಗೆ ಇಷ್ಟು ಸಾಕು. ಕಥೆ ಎಂದರೆ ಹೀಗೇ ಇರಬೇಕು.

ನನ್ನ ಕೈಯಲ್ಲಿ ಅಂಕದ ಕಾಗದ ಇತ್ತಲ್ಲ. ಮಳೆ ಬಿಡದ ಮಧ್ಯಾಹ್ನ ಅದನ್ನು ತೆಗೆದು ಕೂತೆ. ಎರಡನೇ ಸುತ್ತಿನಲ್ಲಿ 'ಹಗಲುಕನಸು' ನಡೆಯುತ್ತದೆ ಎಂದು ಇಟ್ಟುಕೊಳ್ಳಿ. ಅವಳಿಗೆ 6, ಭಾವನಿಗೆ 5ರ ಬದಲು ಸೊನ್ನೆ. ಆ ಒಂದು ತೀರ್ಪಿನಲ್ಲಿ 11 ಅಂಕದ ಪಲ್ಲಟ. ಉಳಿದದ್ದೆಲ್ಲ ಹಾಗೆಯೇ ಇದ್ದರೆ ಒಗಟಿಗೆ ಬರುವಾಗ ಭಾವ 20, ಅವಳು 36. ಅಂತರ 16. ಬೆಳದಿಂಗಳು ಹೇಳಿದರೂ ಅಷ್ಟೆ, ಅಮಾವಾಸ್ಯೆ ಹೇಳಿದರೂ ಅಷ್ಟೆ. ಪಂದ್ಯ ಕೊನೆಯವರೆಗೆ ಬಿಗಿಯಾಗಿ ಉಳಿದದ್ದೇ ಅಕ್ಕ ಒಂದು ವ್ಯಂಜನದ ಮೇಲೆ ಬೆರಳಿಟ್ಟದ್ದರಿಂದ. ಗೆದ್ದದ್ದು ಭಾವ ಅಲ್ಲ, ಆದೇಶ ಸಂಧಿ ಎಂದು ರಾತ್ರಿ ಊಟದ ಹೊತ್ತಿಗೆ ಕಾಗದ ಮುಂದಿಟ್ಟು ಸಾರಿದೆ.

ಅಕ್ಕನಿಗೆ ಖುಷಿಯಾಯಿತು. ಅದು ನಿರೀಕ್ಷಿತ. ಹುಡುಗಿಗೆ ಇನ್ನೂ ಖುಷಿ. ಭಾವ ಮಾತ್ರ ಅಕ್ಕಿರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮೂವತ್ತು ವರ್ಷ ಇನ್ನೊಬ್ಬರ ಲೆಕ್ಕದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವರು.

"ಕೂಡಿಸಿದ್ದು ಸರಿ ಇದೆ. 'ಉಳಿದದ್ದೆಲ್ಲ ಹಾಗೆಯೇ ಇದ್ದರೆ' ಅಂತ ಬರೆದಿದ್ದೀಯಲ್ಲ, ಅದು ಹೇಗೆ ಇರ್ತದೆ? ಆರನೇ ಸುತ್ತಿಗೆ ನಾನು 875ಕ್ಕೆ ಯಾಕೆ ನಿಂತೆ? ಐದು ಅಂಕ ಮುಂದಿದ್ದೆ, ಅದಕ್ಕೆ ನಿಂತೆ. ನಿನ್ನ ಲೆಕ್ಕದಲ್ಲಿ ಆ ಹೊತ್ತಿಗೆ ನಾನು 20, ಅವಳು 26. ಹಿಂದೆ ಬಿದ್ದಿದ್ರೆ ಅಲ್ಲಿಗೇ ಪೆನ್ನು ಇಡ್ತಿದ್ನಾ? ಆ ಒಂದನ್ನ ಹುಡುಕ್ತಿದ್ದೆ. ಇಬ್ಬರಿಗೂ ಹತ್ತು. 30, 36. ಆಗಲೂ ಒಗಟಿಗೆ ಬರ್ತಿತ್ತು, ಆಗಲೂ ಬೆಳದಿಂಗಳು ನನ್ನದೇ. 40, 36."

ನಾನು ಮತ್ತೆ ಕೂಡಿ ನೋಡಿದೆ. ಲೆಕ್ಕದಲ್ಲಿ ಎಲ್ಲೂ ಹಿಡಿಯಲು ಸಿಗಲಿಲ್ಲ. ಒಂದು ಸುತ್ತು ಬದಲಾದರೆ ಅದರ ನಂತರದ ಮನುಷ್ಯನೂ ಬದಲಾಗುತ್ತಾನೆ ಎಂಬ ವಾದಕ್ಕೆ ಕಾಗದದ ಮೇಲೆ ಉತ್ತರವಿಲ್ಲ. ಆದರೂ ಮೂರು, ನಾಲ್ಕು, ಐದನೇ ಸುತ್ತುಗಳಲ್ಲಿ ಅವರು ಬೇರೆ ಏನನ್ನೂ ಮಾಡುತ್ತಿರಲಿಲ್ಲ, ಅಲ್ಲಿ ಇದ್ದ ಚೀಟಿಗೆ ಬಂದ ಪದ ಹೇಳಿದರು ಅಷ್ಟೆ ಎಂದು ನಾನು ಹಟ ಹಿಡಿದೆ. ಆರನೆಯದೊಂದರ ವಿಚಾರದಲ್ಲಿ ಮಾತ್ರ ಮಾತು ನಿಂತಿತು.

ಹುಡುಗಿ ಚಟ್ನಿ ಬಟ್ಟಲನ್ನು ಅಪ್ಪನ ಕಡೆ ಸರಿಸುತ್ತ ಹೇಳಿದಳು: "ಅಪ್ಪ, ನೀವು ಹಿಂದಿದ್ರೂ 875ಕ್ಕೇ ನಿಲ್ಲೋರು. ನಿಮಗೆ ಏಳು ಸಾಕು."

"ಯಾರು ಹೇಳಿದ್ದು?"

"ನಾಳೆ ಬೆಳಿಗ್ಗೆ ನಾಲ್ಕು ದೊಡ್ಡದು ಹಾಕೋಣ. ಹತ್ತು ಅಂಕ ನನಗೆ ಮೊದಲೇ ಕೊಟ್ಟು ಕೂತ್ಕೊಳ್ಳಿ, ನೋಡೇಬಿಡೋಣ."

ಭಾವ ಅಕ್ಕನ ಮುಖ ನೋಡಿದರು. ಅಕ್ಕ, ಹತ್ತು ಜಾಸ್ತಿಯಾಯಿತು, ಆರು ಕೊಡಿ, ಆವತ್ತಿನ ಲೆಕ್ಕಕ್ಕೆ ಸರಿ ಹೋಗುತ್ತದೆ ಎಂದಳು.